ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ನಡೆಯುತ್ತದಾ? ನೋಡಿಕೊಳ್ಳುವುದು ಹೀಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2015ರ ಜುಲೈನಲ್ಲಿ ಬಂದ ಈ ಆಪರೇಟಿಂಗ್ ಸಿಸ್ಟಂ ಹತ್ತು ವರ್ಷ ನಮ್ಮ ಮನೆ, ಅಂಗಡಿ, ಶಾಲೆ, ಸೈಬರ್ ಸೆಂಟರ್‌ಗಳಲ್ಲಿ ದುಡಿದಿದೆ. ಈಗ ಅದರ ಅಪ್‌ಡೇಟ್ ಪುಟ ತೆರೆದರೆ ಅನೇಕರಿಗೆ ಕಾಣುವುದು ಒಂದೇ ಮಾತು: ಈ ಪಿಸಿ ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಅಗತ್ಯಗಳನ್ನು ಪೂರೈಸುತ್ತಿಲ್ಲ. ಅದನ್ನು ಓದಿದವರು ನೇರ ಹೊಸ ಲ್ಯಾಪ್‌ಟಾಪ್ ಬೆಲೆ ವಿಚಾರಿಸಲು ಹೊರಡುತ್ತಾರೆ.

ಸ್ವಲ್ಪ ತಡೆಯಿರಿ. ಆ ಸಂದೇಶದ ಹಿಂದೆ ಎರಡು ಬೇರೆ ಬೇರೆ ಕಾರಣ ಇರಬಹುದು. ಮೊದಲನೆಯದು, ಯಂತ್ರದಲ್ಲಿ ಬೇಕಾದದ್ದೆಲ್ಲ ಇದೆ, ಆದರೆ ಯಾವುದೋ ಸೆಟ್ಟಿಂಗ್ ಆಫ್ ಆಗಿದೆ. ಇದನ್ನು ಸರಿಮಾಡಲು ದುಡ್ಡು ಬೇಕಿಲ್ಲ. ಎರಡನೆಯದು, ಕಂಪ್ಯೂಟರ್‌ನ ಮುಖ್ಯ ಚಿಪ್ ಆದ ಪ್ರೊಸೆಸರೇ ಹಳೆಯದು. ಇದಕ್ಕೆ ರಿಪೇರಿ ಇಲ್ಲ, ಬೇರೆ ದಾರಿ ನೋಡಬೇಕು. ನಿಮ್ಮದು ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಬೆಂಬಲ ನಿಂತರೆ ಏನಾಗುತ್ತದೆ?

ಕಂಪ್ಯೂಟರ್ ನಿಲ್ಲುವುದಿಲ್ಲ. ಫೈಲ್‌ಗಳು ಇದ್ದಲ್ಲೇ ಇರುತ್ತವೆ, ಇಂಟರ್ನೆಟ್ ನಡೆಯುತ್ತದೆ, ಪ್ರಿಂಟ್ ಬರುತ್ತದೆ. ನಿಲ್ಲುವುದು ಪ್ರತಿ ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್.

ಯಾವ ಆಪರೇಟಿಂಗ್ ಸಿಸ್ಟಂನಲ್ಲೂ ತೂತುಗಳು ಇದ್ದೇ ಇರುತ್ತವೆ. ಒಂದೊಂದಾಗಿ ಕಣ್ಣಿಗೆ ಬಿದ್ದ ಹಾಗೆ ತಯಾರಕರು ಮುಚ್ಚುತ್ತಾ ಹೋಗುತ್ತಾರೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹುಪಾಲು ಒಂದೇ. ಹಾಗಾಗಿ 11ರಲ್ಲಿ ಒಂದು ತೂತು ಮುಚ್ಚಿದಾಗ, ಏನು ಬದಲಾಯಿತು ಎಂದು ಹೋಲಿಸಿ ನೋಡುವ ಕಳ್ಳರಿಗೆ 10ರಲ್ಲಿ ಅದೇ ತೂತು ಎಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ. ಬೆಂಬಲ ನಿಂತ ಮೇಲೆ ಅಪಾಯ ತಿಂಗಳಿಂದ ತಿಂಗಳಿಗೆ ಜಾಸ್ತಿ ಆಗುವುದು ಇದಕ್ಕೇ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಂವೇರ್ ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರ್‌ಗಳ ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳು ಬಲಿಯಾದವು.

ಇನ್ನೊಂದು ತೊಂದರೆ ನಿಧಾನಕ್ಕೆ ಬರುತ್ತದೆ. ಬೇರೆ ಕಂಪನಿಗಳ ಸಾಫ್ಟ್‌ವೇರ್‌ಗಳೂ ಹಳೇ ವಿಂಡೋಸನ್ನು ಒಂದೊಂದಾಗಿ ಕೈಬಿಡುತ್ತವೆ. ವಿಂಡೋಸ್ 7ರಲ್ಲಿ ಕ್ರೋಮ್ ಬ್ರೌಸರಿನ ಕೊನೆಯ ಆವೃತ್ತಿ 109. 2023ರಲ್ಲಿ ಅಲ್ಲಿಗೇ ನಿಂತಿತು.

ವಿಂಡೋಸ್ 11 ಕೇಳುವುದೇನು?

ಮಾಮೂಲಿ ಬೇಡಿಕೆಗಳು ಹೀಗಿವೆ: 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಕನಿಷ್ಠ 2 ಕೋರ್‌ಗಳ 64 ಬಿಟ್ ಪ್ರೊಸೆಸರ್, ಡೈರೆಕ್ಟ್‌ಎಕ್ಸ್ 12ಕ್ಕೆ ಹೊಂದುವ ಗ್ರಾಫಿಕ್ಸ್. ಕಳೆದ ಹತ್ತು ವರ್ಷಗಳಲ್ಲಿ ಕೊಂಡ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಇಷ್ಟನ್ನು ದಾಟುತ್ತವೆ. ಎಡವುವುದು ಮುಂದಿನ ಮೂರು ಕಡೆ: ಟಿಪಿಎಂ 2.0, ಸೆಕ್ಯೂರ್ ಬೂಟ್, ಮತ್ತು ಪ್ರೊಸೆಸರ್‌ನ ತಲೆಮಾರು. ಈ ಮೂರಕ್ಕೂ ಕಂಪ್ಯೂಟರ್‌ನ ವೇಗಕ್ಕೂ ನೇರ ಸಂಬಂಧ ಇಲ್ಲ. ಮೂರೂ ಭದ್ರತೆಗೆ ಸೇರಿದವು. ಚೆನ್ನಾಗಿ ಓಡುತ್ತಿರುವ ಯಂತ್ರಕ್ಕೂ "ಆಗಲ್ಲ" ಎಂಬ ಉತ್ತರ ಬರುವುದು ಇದರಿಂದಲೇ.

ಟಿಪಿಎಂ ಅಂದರೆ ಏನು?

ನಿಮ್ಮ ಡಿಸ್ಕ್‌ಗೆ ಹಾಕಿದ ಬೀಗದ ಕೀಲಿ, ಲಾಗಿನ್ ಆಗುವ ಪಿನ್‌ಗೆ ಬೇಕಾದ ಗುಟ್ಟು, ಇಂಥವನ್ನು ಕಂಪ್ಯೂಟರ್ ಎಲ್ಲಾದರೂ ಇಡಬೇಕಲ್ಲ? ಡಿಸ್ಕ್‌ನ ಯಾವುದೋ ಫೈಲಿನಲ್ಲಿ ಇಟ್ಟರೆ ಒಳಗೆ ನುಗ್ಗಿದ ಕೆಟ್ಟ ಪ್ರೋಗ್ರಾಂ ಅದನ್ನೂ ಓದಿಬಿಡುತ್ತದೆ. ಟಿಪಿಎಂ ಎಂಬುದು ಈ ಕೀಲಿಗಳಿಗೆಂದೇ ಇರುವ ಪುಟ್ಟ, ಪ್ರತ್ಯೇಕ ಜಾಗ.

ಮದುವೆ ಮನೆಯಲ್ಲಿ ಉಗ್ರಾಣದ ಕೀಲಿಯನ್ನು ನಂಬಿಕಸ್ತರಾದ ಒಬ್ಬ ಹಿರಿಯರಿಗೆ ಕೊಟ್ಟಿರುತ್ತಾರೆ. ಅಡುಗೆಯವರು ಬೆಲ್ಲ ಕೇಳಿದರೆ ಅವರೇ ಬೀಗ ತೆಗೆದು ತಂದುಕೊಡುತ್ತಾರೆ. ಕೀಲಿ ಮಾತ್ರ ಅವರ ಸೊಂಟ ಬಿಟ್ಟು ಹೋಗುವುದಿಲ್ಲ. ಗುರುತಿಲ್ಲದವರು ಬಂದು ಕೇಳಿದರೆ ಬೀಗವನ್ನೇ ತೆಗೆಯುವುದಿಲ್ಲ. ಟಿಪಿಎಂ ಮಾಡುವುದೂ ಇದನ್ನೇ. ಕೀಲಿಯಿಂದ ಆಗಬೇಕಾದ ಕೆಲಸವನ್ನು ತನ್ನೊಳಗೇ ಮಾಡಿಕೊಡುತ್ತದೆ. ಕಂಪ್ಯೂಟರ್ ಶುರುವಾಗುವ ರೀತಿಯಲ್ಲಿ ಏನಾದರೂ ಬದಲಾಗಿದ್ದರೆ ಕೊಡಲು ಒಪ್ಪುವುದಿಲ್ಲ.

ಟಿಪಿಎಂ ಎಂದ ಕೂಡಲೇ ಬೇರೆ ಚಿಪ್ ಕೊಳ್ಳಬೇಕು ಎಂದುಕೊಳ್ಳಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ನಿಜಕ್ಕೂ ಪ್ರತ್ಯೇಕ ಚಿಪ್. ಆದರೆ ತುಂಬ ಯಂತ್ರಗಳಲ್ಲಿ ಪ್ರೊಸೆಸರ್ ಜೊತೆಗೇ ಸೇರಿಕೊಂಡಿದೆ. ಇಂಟೆಲ್‌ನಲ್ಲಿ ಇದಕ್ಕೆ ಪಿಟಿಟಿ ಎಂದು ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. 2016ರ ಜುಲೈ 28ರಿಂದಾಚೆ ವಿಂಡೋಸ್ 10 ಹಾಕಿ ಮಾರುವ ಹೊಸ ಮಾದರಿಗಳಲ್ಲಿ ಟಿಪಿಎಂ 2.0 ಇರಲೇಬೇಕೆಂದು ಮೈಕ್ರೋಸಾಫ್ಟ್ ತಯಾರಕರಿಗೆ ನಿಯಮ ಮಾಡಿತ್ತು. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಅಸೆಂಬಲ್ಡ್ ಡೆಸ್ಕ್‌ಟಾಪ್‌ಗಳ ಕಥೆ ಬೇರೆ. ಅವುಗಳ ಮದರ್‌ಬೋರ್ಡ್‌ಗಳಲ್ಲಿ ಈ ಸೌಲಭ್ಯ ಇದ್ದೂ ಆಫ್ ಆಗಿರುವುದು ಸಾಮಾನ್ಯ. ಜೋಡಿಸಿದವರಿಗೆ ಅಂದು ಅದರ ಅಗತ್ಯವೇ ಬಿದ್ದಿರಲಿಲ್ಲ.

ಸೆಕ್ಯೂರ್ ಬೂಟ್

ಪವರ್ ಬಟನ್ ಒತ್ತಿದ ಮೇಲೆ ವಿಂಡೋಸ್ ಏಳುವ ಮೊದಲು ಒಂದು ಸಣ್ಣ ಸಾಫ್ಟ್‌ವೇರ್ ಏಳುತ್ತದೆ. ಇದರ ಹಳೇ ಬಗೆ ಬಯಾಸ್, ಹೊಸ ಬಗೆ ಯುಇಎಫ್‌ಐ. ಬಾಯಿಮಾತಿನಲ್ಲಿ ಎರಡನ್ನೂ ಬಯಾಸ್ ಎಂದೇ ಕರೆಯುತ್ತೇವೆ. ಯುಇಎಫ್‌ಐನಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಇದೆ. ಸರಿಯಾದ ಡಿಜಿಟಲ್ ಸಹಿ ಇರುವ ಪ್ರೋಗ್ರಾಂ ಮಾತ್ರ ಕಂಪ್ಯೂಟರನ್ನು ಎಬ್ಬಿಸಬಹುದು. ವಿಂಡೋಸ್‌ಗಿಂತ ಮೊದಲೇ ಎದ್ದು ಕೂರುವ ವೈರಸ್‌ಗಳನ್ನು ಇದು ತಡೆಯುತ್ತದೆ.

ಯುಇಎಫ್‌ಐ ಇರುವ ಅನೇಕ ಯಂತ್ರಗಳು ಹಳೇ ಬಯಾಸ್‌ನಂತೆಯೂ ನಡೆಯಬಲ್ಲವು. ಅದಕ್ಕೆ ಲೆಗಸಿ ಮೋಡ್ ಎನ್ನುತ್ತಾರೆ. ಯಾರೋ ಹಿಂದೊಮ್ಮೆ ವಿಂಡೋಸನ್ನು ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ದರೆ, ಯುಇಎಫ್‌ಐ ಇದ್ದರೂ ಪರೀಕ್ಷೆಯಲ್ಲಿ ಫೇಲ್ ಬರುತ್ತದೆ.

ನಿಜವಾದ ಗೆರೆ ಎಳೆದಿರುವುದು ಪ್ರೊಸೆಸರ್

ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ಎಎಂಡಿ ಆದರೆ ಸಾಮಾನ್ಯವಾಗಿ ರೈಜೆನ್ 2000 ಸರಣಿಯಿಂದ ಮೇಲೆ, ಆದರೆ ಆ ಸರಣಿಯಲ್ಲೂ ಕೆಲವು ಪಟ್ಟಿಯಲ್ಲಿಲ್ಲ, ಹಾಗಾಗಿ ಹೆಸರನ್ನು ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಹುಡುಕಿ ನೋಡುವುದು ಒಳ್ಳೆಯದು.

"ನಂದು ಐ7, ಆದರೂ ಯಾಕೆ ಆಗಲ್ಲ?" ಎಂದು ಕೇಳುವವರು ಬಹಳ. ಐ3, ಐ5, ಐ7 ಎನ್ನುವುದು ದರ್ಜೆ. ಯಾವ ಕಾಲದ್ದು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಹೆಸರಿನ ಮುಂದಿನ ಅಂಕಿ ನೋಡಬೇಕು. ಐ5-7200ಯು ಎಂದಿದ್ದರೆ ಮೊದಲ ಅಂಕಿ 7, ಅಂದರೆ 7ನೇ ತಲೆಮಾರು. ಐ5-8250ಯು ಎಂದಿದ್ದರೆ 8ನೇದು. ಐ3-10110ಯು ಎಂದಿದ್ದರೆ 10ನೇದು, ಐ7-1165ಜಿ7 ಎಂದಿದ್ದರೆ 11ನೇದು. 4ನೇ ತಲೆಮಾರಿನ ದುಬಾರಿ ಐ7 ಈ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ, ಅದಕ್ಕಿಂತ ಎಷ್ಟೋ ನಿಧಾನವಾದ ಸೆಲೆರಾನ್ ಎನ್4000 ಪಾಸಾಗುತ್ತದೆ!

ಈ ಗೆರೆ ಯಾಕೆ? ಮೈಕ್ರೋಸಾಫ್ಟ್ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಭದ್ರತೆ. ವಿಂಡೋಸ್ 11 ತನ್ನ ತೀರಾ ಸೂಕ್ಷ್ಮ ಭಾಗಗಳನ್ನು ಉಳಿದದ್ದರಿಂದ ಬೇರ್ಪಡಿಸಿ ನಡೆಸಬಲ್ಲದು. ಪ್ರಿಂಟರ್, ಸೌಂಡ್‌ನಂಥ ಭಾಗಗಳನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್‌ಗಳು ನಂಬಿಕೆಗೆ ಅರ್ಹವೇ ಎಂದು ತಪಾಸಣೆಯನ್ನೂ ಮಾಡುತ್ತದೆ. ಹೊಸ ಪ್ರೊಸೆಸರ್‌ಗಳಲ್ಲಿ ಇದಕ್ಕೆ ಚಿಪ್‌ನಲ್ಲೇ ಏರ್ಪಾಡು ಇದೆ. ಹಳೆಯವುಗಳಲ್ಲಿ ಅದನ್ನು ಸಾಫ್ಟ್‌ವೇರ್ ಮೂಲಕ ಮಾಡಬೇಕಾಗುತ್ತದೆ, ಆಗ ವೇಗ ಕುಗ್ಗುತ್ತದೆ. ಎರಡನೆಯ ಕಾರಣ ಸ್ಥಿರತೆ. ಬಿಡುಗಡೆಗೆ ಮುಂಚಿನ ಪ್ರಯೋಗದ ಅವಧಿಯಲ್ಲಿ ಅರ್ಹತೆ ಇಲ್ಲದ ಯಂತ್ರಗಳು ಆಪರೇಟಿಂಗ್ ಸಿಸ್ಟಂನ ಆಳದ ಮಟ್ಟದಲ್ಲಿ 52 ಶೇಕಡಾ ಹೆಚ್ಚು ಕ್ರ್ಯಾಶ್ ಆದವು ಎಂದು ಕಂಪನಿ 2021ರಲ್ಲಿ ಹೇಳಿತು.

7ನೇ ತಲೆಮಾರಿನವರಿಗೆ ಇದು ನುಂಗಲಾರದ ತುತ್ತು. ಅವರ ಯಂತ್ರದಲ್ಲಿ ಟಿಪಿಎಂ 2.0 ಇರುತ್ತದೆ, ಸೆಕ್ಯೂರ್ ಬೂಟ್ ಇರುತ್ತದೆ, ವೇಗವೂ ಸಾಲುತ್ತದೆ. ಆದರೂ ಪಟ್ಟಿಯಲ್ಲಿ ಹೆಸರಿಲ್ಲ. ಆ ತಲೆಮಾರಿನಲ್ಲಿ ವಿನಾಯಿತಿ ಸಿಕ್ಕಿದ್ದು ಬೆರಳೆಣಿಕೆಯ ಪ್ರೊಸೆಸರ್‌ಗಳಿಗೆ. ಅದರಲ್ಲಿ ಒಂದು ಐ7-7820ಎಚ್‌ಕ್ಯೂ, ಮೈಕ್ರೋಸಾಫ್ಟ್‌ನದೇ ಆದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು. ಬೇಸರ ಆಗುವುದು ಸಹಜ ಅಲ್ವಾ?

ಮನೆಯಲ್ಲೇ ಕೂತು ಪರೀಕ್ಷಿಸಿ

ಸುಲಭದ ದಾರಿ ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನದೇ ಉಚಿತ ಆ್ಯಪ್. ಅನೇಕ ಯಂತ್ರಗಳಲ್ಲಿ ಈಗಾಗಲೇ ಇರುತ್ತದೆ, ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ. ಇಲ್ಲದಿದ್ದರೆ ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ, ಸಿಕ್ಕ ಸಿಕ್ಕ ಸೈಟ್‌ನಿಂದ ಬೇಡ. 'ಚೆಕ್ ನೌ' ಒತ್ತಿದರೆ ಫಲಿತಾಂಶ ಬರುತ್ತದೆ. ಅಲ್ಲಿಗೇ ನಿಲ್ಲಬೇಡಿ. 'ಸೀ ಆಲ್ ರಿಸಲ್ಟ್ಸ್' ಒತ್ತಿ. ಯಾವುದು ಪಾಸ್, ಯಾವುದು ಫೇಲ್ ಎಂದು ಒಂದೊಂದಾಗಿ ತೋರಿಸುತ್ತದೆ. ನಮಗೆ ಬೇಕಾದ ಉತ್ತರ ಇರುವುದು ಅಲ್ಲೇ.

ಫೇಲ್ ಆದದ್ದು ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಮಾತ್ರ, ಪ್ರೊಸೆಸರ್ ಪಾಸ್ ಎಂದಿದ್ದರೆ ಖುಷಿಪಡಿ. ಬಹುತೇಕ ಸೆಟ್ಟಿಂಗ್ ಬದಲಿಸಿದರೆ ಸಾಕು. ಪ್ರೊಸೆಸರ್ ಫೇಲ್ ಎಂದಿದ್ದರೆ ಉಳಿದದ್ದನ್ನು ಸರಿಮಾಡಿ ಪ್ರಯೋಜನವಿಲ್ಲ.

ಆ್ಯಪ್ ಹೇಳಿದ್ದನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಲೂ ದಾರಿ ಇದೆ. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಂ ಇನ್ಫರ್ಮೇಷನ್' ತೆರೆಯಿರಿ. 'ಬಯಾಸ್ ಮೋಡ್' ಎದುರು ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ, 'ಸೆಕ್ಯೂರ್ ಬೂಟ್ ಸ್ಟೇಟ್' ಎದುರು ಏನಿದೆ ನೋಡಿ. ಟಿಪಿಎಂಗೆ, ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಟಿಪಿಎಂ, ಒಂದು ಚುಕ್ಕಿ, ಎಂಎಸ್‌ಸಿ ಎಂದು ಟೈಪ್ ಮಾಡಿ ಎಂಟರ್ ಕೊಡಿ. 'ಸ್ಪೆಸಿಫಿಕೇಷನ್ ವರ್ಷನ್' 2.0 ಎಂದಿದ್ದರೆ ಮುಗಿಯಿತು. ಟಿಪಿಎಂ ಸಿಗುತ್ತಿಲ್ಲ ಎಂದು ಬಂದರೆ ಅದು ಇಲ್ಲ ಎಂದೇ ಅರ್ಥವಲ್ಲ, ಆಫ್ ಆಗಿರಬಹುದು. ಪ್ರೊಸೆಸರ್ ಹೆಸರು ಸೆಟ್ಟಿಂಗ್ಸ್‌ನ 'ಸಿಸ್ಟಂ', ಅದರೊಳಗಿನ 'ಅಬೌಟ್' ಪುಟದಲ್ಲಿದೆ.

ಆಫ್ ಇದ್ದದ್ದನ್ನು ಆನ್ ಮಾಡುವ ಮುಂಚೆ

ಮೊದಲು ಫೈಲ್‌ಗಳ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಆಮೇಲೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಇದನ್ನು ಒತ್ತಿ ಹೇಳುತ್ತೇನೆ. ಬಯಾಸ್‌ನಲ್ಲಿ ಬದಲಾವಣೆ ಮಾಡಿದ ಮೇಲೆ ಕಂಪ್ಯೂಟರ್ ಆ ಕೀ ಕೇಳಬಹುದು. ಆಗ ಅದು ಸಿಗದಿದ್ದರೆ ಒಳಗಿನ ಫೋಟೋ, ಲೆಕ್ಕಪತ್ರ ಎಲ್ಲವೂ ಕೈತಪ್ಪುತ್ತವೆ.

ಬಯಾಸ್‌ಗೆ ಹೋಗಲು ಸೆಟ್ಟಿಂಗ್ಸ್‌ನ 'ರಿಕವರಿ'ಯಲ್ಲಿ 'ಅಡ್ವಾನ್ಸ್ಡ್ ಸ್ಟಾರ್ಟಪ್' ಇದೆ. ಅಥವಾ ಆನ್ ಮಾಡಿದ ಕೂಡಲೇ ಎಫ್2, ಎಫ್10, ಡಿಲೀಟ್ ಇವುಗಳಲ್ಲಿ ನಿಮ್ಮ ಕಂಪನಿಯ ಕೀ ಒತ್ತಿ. ಒಳಗೆ 'ಸೆಕ್ಯುರಿಟಿ' ಅಥವಾ 'ಅಡ್ವಾನ್ಸ್ಡ್' ವಿಭಾಗದಲ್ಲಿ ಪಿಟಿಟಿ, ಎಫ್‌ಟಿಪಿಎಂ ಅಥವಾ ಟಿಪಿಎಂ ಎಂಬ ಹೆಸರು ಹುಡುಕಿ ಆನ್ ಮಾಡಿ, ಸೇವ್ ಮಾಡಿ ಹೊರಬನ್ನಿ. ಪಕ್ಕದಲ್ಲಿ 'ಕ್ಲಿಯರ್ ಟಿಪಿಎಂ' ಎಂದಿದ್ದರೆ ಅದನ್ನು ಮುಟ್ಟಬೇಡಿ. ಅದು ಇರುವ ಕೀಲಿಗಳನ್ನು ಅಳಿಸುತ್ತದೆ.

ಲೆಗಸಿಯಿಂದ ಯುಇಎಫ್‌ಐಗೆ ಹೋಗುವುದು ಸ್ವಲ್ಪ ಜಾಣ್ಮೆಯ ಕೆಲಸ. ಸುಮ್ನೆ ಮೋಡ್ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ, ಯಾಕೆಂದರೆ ಡಿಸ್ಕ್ ವಿಂಗಡಿಸಿದ ರೀತಿಯೇ ಬೇರೆ. ಹಳೇ ರೀತಿಗೆ ಎಂಬಿಆರ್, ಹೊಸದಕ್ಕೆ ಜಿಪಿಟಿ ಎಂದು ಹೆಸರು. ಫೈಲ್ ಅಳಿಸದೆ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಟೂಲ್ ವಿಂಡೋಸ್ 10ರಲ್ಲೇ ಇದೆ. ಮೊದಲು ಡಿಸ್ಕ್ ಬದಲಾವಣೆ, ಆಮೇಲೆ ಬಯಾಸ್ ಬದಲಾವಣೆ, ಈ ಕ್ರಮ ತಪ್ಪಬಾರದು. ಕಮಾಂಡ್ ಟೈಪ್ ಮಾಡಿ ರೂಢಿಯಿಲ್ಲದವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪಾಸಾದರೆ ಸಾಕೇ?

ಸಾಲದು. 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವೂ ಪಾಸಾಗುತ್ತದೆ, ಆದರೆ ವಿಂಡೋಸ್ 11 ಹಾಕಿದ ಮೇಲೆ ಕೆಲಸ ಮಾಡುವುದು ಹಿಂಸೆ. ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ನೋಡಿ. ಡಿಸ್ಕ್ ಎಸ್‌ಎಸ್‌ಡಿಯೋ (ತಿರುಗುವ ಭಾಗ ಇಲ್ಲದ, ವೇಗದ ಬಗೆ) ಎಚ್‌ಡಿಡಿಯೋ (ತಿರುಗುವ ಹಳೇ ಬಗೆ) ಅಲ್ಲೇ ಗೊತ್ತಾಗುತ್ತದೆ. ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂಬುದೂ ಕಾಣುತ್ತದೆ. ಎಚ್‌ಡಿಡಿ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿದರೆ ಯಂತ್ರದ ನಡಿಗೆಯೇ ಬದಲಾಗುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ, ಹಾಗಾಗಿ ಕೊಳ್ಳುವ ಮೊದಲು ಕೇಳಿ ನೋಡಿ.

ನಿಮ್ಮ ವಿಂಡೋಸ್ 10 ಅಸಲಿ ಆಗಿದ್ದು ಯಂತ್ರ ಅರ್ಹವಾಗಿದ್ದರೆ 11 ಉಚಿತ. ಯಾರಿಗೂ ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ.

ಕನ್ನಡ ಡಿಟಿಪಿ, ಪ್ರಿಂಟರ್, ಹಳೇ ಸಾಫ್ಟ್‌ವೇರ್

ನಮ್ಮಲ್ಲಿ ಮುಖ್ಯವಾದ ಒಂದು ವಿಷಯ ಇದೆ. ಕನ್ನಡದ ಡಿಟಿಪಿ ಕೇಂದ್ರಗಳಲ್ಲಿ, ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳು ರಾಶಿ ಇವೆ. ಇವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ಸಾಲು. ಇದ್ದ ವಿಂಡೋಸ್ ಮೇಲೇ ಅಪ್‌ಗ್ರೇಡ್ ಮಾಡಿದರೆ ಫಾಂಟ್‌ಗಳು ಉಳಿಯುತ್ತವೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಹೋಗುತ್ತವೆ. ಆದ್ದರಿಂದ ಮೊದಲೇ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ.

32 ಬಿಟ್ ವಿಂಡೋಸ್ 10 ಹಾಕಿರುವವರು ಇನ್ನೂ ಎಚ್ಚರ ವಹಿಸಬೇಕು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡಲೇಬೇಕು. 16 ಬಿಟ್‌ನ ತೀರಾ ಹಳೇ ಪ್ರೋಗ್ರಾಂಗಳು ಅಲ್ಲಿ ಓಡುವುದಿಲ್ಲ. ಹಳೇ ಪ್ರಿಂಟರ್, ಸ್ಕ್ಯಾನರ್, ಹಾರ್ಡ್‌ವೇರ್ ಲಾಕ್ (ಕೆಲವು ಸಾಫ್ಟ್‌ವೇರ್ ನಡೆಯಲು ಚುಚ್ಚಿರಬೇಕಾದ ಸಾಧನ) ಇವಕ್ಕೆಲ್ಲ 64 ಬಿಟ್ ಡ್ರೈವರ್ ಇದೆಯೇ ಎಂದು ತಯಾರಕರ ಸೈಟ್‌ನಲ್ಲಿ ಮೊದಲೇ ನೋಡಿ.

ಪ್ರೊಸೆಸರೇ ಹಳೆಯದಾದರೆ

ತಕ್ಷಣದ ಆಸರೆ ಇಎಸ್‌ಯು, ಅಂದರೆ ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್. ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಇದನ್ನು ಘೋಷಿಸಿದ್ದು 2026ರ ಅಕ್ಟೋಬರ್ 13ರ ತನಕ. ಬೆಲೆ 30 ಡಾಲರ್. ಆದರೆ ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಅಕೌಂಟ್‌ಗೆ ಸಿಂಕ್ ಮಾಡಿದರೆ ದುಡ್ಡು ಕೊಡದೆಯೂ ಸಿಗುವ ದಾರಿ ಇಟ್ಟಿದ್ದಾರೆ. ಯಂತ್ರದಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಒಂದು ಅಕೌಂಟ್‌ನ ನೋಂದಣಿ 10 ಯಂತ್ರಗಳ ತನಕ ಸಲ್ಲುತ್ತದೆ.

ಎರಡನೆಯದು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ. ಬ್ರೌಸರ್, ಯೂಟ್ಯೂಬ್, ಪತ್ರ ಬರೆಯುವುದು, ಮಕ್ಕಳ ಓದು ಇಷ್ಟೇ ಕೆಲಸ ಇದ್ದರೆ ಅದರ ಬಗೆಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಳೇ ಯಂತ್ರದಲ್ಲೂ ಚೆನ್ನಾಗಿ ನಡೆಯುತ್ತವೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ವೈಫೈ, ಸೌಂಡ್, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಅಲ್ಲೇ ತಿಳಿಯುತ್ತದೆ. ಕನ್ನಡ ಟೈಪಿಂಗ್ ಕೂಡ ಇದೆ. ಆದರೆ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ, ಅಥವಾ ಡಿಜಿಟಲ್ ಸಹಿಯ ಟೋಕನ್ ಹಾಕಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ವಿಂಡೋಸ್ ಬಿಡುವ ಯೋಚನೆ ಬೇಡ.

ಮೂರನೆಯದು ಪರೀಕ್ಷೆಯನ್ನೇ ತಪ್ಪಿಸಿ ವಿಂಡೋಸ್ 11 ತುರುಕುವುದು. ಇದಕ್ಕೆ ಉಪಾಯಗಳಿವೆ, ಅಂಗಡಿಗಳಲ್ಲೂ ಮಾಡಿಕೊಡುತ್ತಾರೆ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 24ಎಚ್2 ಆವೃತ್ತಿ ಬಂದಾಗ ಇಂಟೆಲ್‌ನ ಕೋರ್ 2 ಕಾಲದ ತೀರಾ ಹಳೇ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11 ಬೂಟ್ ಆಗುವುದೇ ನಿಂತಿತು, ಏಕೆಂದರೆ ಅದು ಬಳಸುವ ಕೆಲವು ಆಜ್ಞೆಗಳನ್ನು (ಇನ್‌ಸ್ಟ್ರಕ್ಷನ್) ನಡೆಸುವ ಶಕ್ತಿ ಆ ಚಿಪ್‌ಗಳಲ್ಲಿ ಇಲ್ಲ. ಬ್ಯಾಂಕ್ ವ್ಯವಹಾರ, ವ್ಯಾಪಾರದ ಲೆಕ್ಕ ಇರುವ ಯಂತ್ರದಲ್ಲಿ ಈ ಸಾಹಸ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಡಿಮೆ ಬೆಲೆಗೆ ಸಿಗುತ್ತವೆ. ಅಲ್ಲಿ ಮಾದರಿಯ ಹೆಸರು ನಂಬಿ ಕೊಳ್ಳಬೇಡಿ. ಒಂದೇ ಮಾದರಿ ಎರಡು ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಬಂದದ್ದುಂಟು, ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. "ವಿಂಡೋಸ್ 11 ಹಾಕಿದೆ ಸಾರ್" ಎಂಬ ಮಾತೂ ಸಾಲದು, ಪರೀಕ್ಷೆ ತಪ್ಪಿಸಿಯೂ ಹಾಕಿರಬಹುದಲ್ಲ. ಅಂಗಡಿಯಲ್ಲೇ ಆನ್ ಮಾಡಿಸಿ 'ಅಬೌಟ್' ಪುಟದಲ್ಲಿ ಪ್ರೊಸೆಸರ್ ಸಂಖ್ಯೆ ಓದಿ, ಟಿಪಿಎಂ 2.0 ಇದೆಯೇ ನೋಡಿ, ಬಯಾಸ್‌ಗೆ ಹಳೇ ಕಂಪನಿಯ ಪಾಸ್‌ವರ್ಡ್ ಹಾಗೇ ಉಳಿದಿದೆಯೇ ಎಂದೂ ಪರೀಕ್ಷಿಸಿ. ಆ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಮುಂದೆ ಯಾವ ಸೆಟ್ಟಿಂಗ್ ಬದಲಿಸಲೂ ಆಗುವುದಿಲ್ಲ.